ಗುಳ್ಳೆ ನೋಡದೆ ನಂಬದ ಮಿಸ್ತ್ರಿ

ಬ್ಯಾಡಗಿಯ ಮಿಸ್ತ್ರಿ ತೀರಿಕೊಂಡ ಸುದ್ದಿಯನ್ನು ನನಗೆ ಹೇಳಿದವನು ರಾಣೆಬೆನ್ನೂರಿನ ಮೋಟಾರ್ ಸ್ಟ್ಯಾಂಡಿನ ಚಹದಂಗಡಿಯವನು. "ಯಾರು ಹೇಳಿದ್ರು? ನೀ ಕಣ್ಣೀಲೆ ನೋಡೀಯೇನು?" ಎಂದು ಕೇಳಿಬಿಟ್ಟೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಸತ್ತವರ ಸುದ್ದಿಗೆ ಹಾಗೆ ಯಾರೂ ಕೇಳುವುದಿಲ್ಲ. ಆದರೆ ಆ ಪ್ರಶ್ನೆ ನನ್ನದಾಗಿರಲಿಲ್ಲ, ಅವರದೇ ಆಗಿತ್ತು. ಎಷ್ಟೋ ವರ್ಷ ಅವರ ಜೊತೆ ಒಡನಾಡಿ ನನ್ನ ನಾಲಿಗೆಗೂ ಅದು ಅಂಟಿಕೊಂಡಿತ್ತು.

ಅವರು ಯಾರ ಮಾತನ್ನೂ ನಂಬುತ್ತಿರಲಿಲ್ಲ. ಯಾರನ್ನೂ ಬೈಯುತ್ತಿರಲಿಲ್ಲ, ಯಾರ ಮೇಲೂ ಹಗೆ ಇರಲಿಲ್ಲ, ಆದರೆ ನಂಬುತ್ತಿರಲಿಲ್ಲ. ಬ್ಯಾಡಗಿ ಸ್ಟೇಶನ್ನಿನ ಎದುರಿಗೆ ತಗಡಿನ ಮಾಡಿನ ಒಂದು ಅಂಗಡಿ. ಮೊದಲು ಹಂಡೆ ಕೊಡಗಳಿಗೆ ಕಲಾಯಿ ಹಾಕುವ ಕೆಲಸ. ಪೇಟೆಯ ಸಾಹುಕಾರರು ಮೋಟಾರು ಇಡತೊಡಗಿದ ಮೇಲೆ, ಇಂಜಿನ್ನು ಕಾಯದಂತೆ ನೀರು ತುಂಬಿಡುವ ರೇಡಿಯೇಟರುಗಳಿಗೆ ಬೆಸುಗೆ ಹಾಕುವುದನ್ನು ಕಲಿತರು. ತಾಮ್ರ ಹಿತ್ತಾಳೆ ಎಲ್ಲಿದ್ದರೂ ಒಂದೇ ಎನ್ನುತ್ತಿದ್ದರು. ಅಂಗಡಿಯ ಮುಂದೆ ಕಲ್ಲಿನ ಒಂದು ದೊಡ್ಡ ದೋಣಿ, ತುಂಬ ನೀರು. ರೇಡಿಯೇಟರಿನ ಬಾಯಿಗಳಿಗೆ ಬೂಚು ಬಡಿದು, ಅದನ್ನು ನೀರಿನಲ್ಲಿ ಮುಳುಗಿಸಿ, ಸೈಕಲ್ ಪಂಪಿನಿಂದ ಗಾಳಿ ತುಂಬುವರು. ಗುಳ್ಳೆ ಎದ್ದಲ್ಲಿ ತೂತು. ಗುಳ್ಳೆ ಏಳದಿದ್ದರೂ ಅರ್ಧ ಗಳಿಗೆ ಕುಕ್ಕುರುಗಾಲಲ್ಲಿ ಕೂತು ನೋಡುತ್ತಲೇ ಇರುವರು. "ಈಗ ಇಲ್ಲಾ ಅಂದ್ರ ಇಲ್ಲಂತ ಏನು? ತಡದು ಬಂದ್ರ?" ಎನ್ನುವರು.

ನಾನು ಅವರನ್ನು ಕಂಡದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ನಾನಾಗ ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ಸಾಹುಕಾರರ ಮೋಟಾರಿಗೆ ಡ್ರೈವರ್. ವಯಸ್ಸು ಇಪ್ಪತ್ತನಾಲ್ಕು. ಮೋಟಾರು ಅಮೆರಿಕದ್ದು, ಹಳೆಯದು, ಸಾಹುಕಾರರು ಅದನ್ನು ಮಗಳ ಮದುವೆಯ ವರ್ಷ ಕೊಂಡಿದ್ದರು. ಪೆಟ್ರೋಲು ಕೂಪನ್ನಿನ ಮೇಲೆ ಸಿಗುತ್ತಿದ್ದ ದಿನಗಳಾದ್ದರಿಂದ ಮೋಟಾರು ಹೊರಗೆ ಬರುವುದೇ ಅಪರೂಪ. ಬಂದಾಗ ಪೇಟೆಯಲ್ಲಿ ಚೀಲ ಹೊಲಿಯುತ್ತಿದ್ದ ಹಮಾಲರೂ ಕೈ ನಿಲ್ಲಿಸಿ ನೋಡುವರು.

ಮೊದಲ ಸಲ ರೇಡಿಯೇಟರ್ ಬಿಚ್ಚಿಕೊಂಡು ಅವರಲ್ಲಿಗೆ ಹೋದ ದಿನ ನನಗೆ ಆದ ಮರ್ಯಾದೆ ಈಗಲೂ ನೆನಪಿದೆ. "ಏನಾಗೇತಿ?" ಎಂದರು. "ಸೋರಾಕತ್ತೇತಿರಿ" ಎಂದೆ. "ಏನ್ ಹಾಕೀದಿ ಇದರಾಗ?" "ಬಾವಿ ನೀರ್ರಿ, ಬರೇ ನೀರು." ಅವರು ರೇಡಿಯೇಟರನ್ನು ಬಗ್ಗಿಸಿ ತಳದಲ್ಲಿ ಉಳಿದಿದ್ದ ನೀರನ್ನು ಅಂಗೈಗೆ ಹಾಕಿಕೊಂಡು ಮೂಸಿದರು. ಆಮೇಲೆ ನಾಲಿಗೆಯ ತುದಿಗೆ ತಾಗಿಸಿ ಉಗುಳಿದರು.

"ತಮ್ಮಾ, ಇದು ರೇಡಿಯೇಟ್ರೋ, ಅಂಬಲಿ ಗಡಿಗಿಯೋ?"

ನನ್ನ ಮುಖ ಕೆಂಪಾಯಿತು. ಸೋರಿಕೆ ನಿಲ್ಲಲೆಂದು ನಾನು ಎರಡು ಹಿಡಿ ಜೋಳದ ಹಿಟ್ಟು ಹಾಕಿದ್ದು ನಿಜ. ಹಿಟ್ಟು ಬೆಂದು ತೂತಿಗೆ ಕೂತುಕೊಳ್ಳುತ್ತದೆಂದು ಹಾವೇರಿಯ ಒಬ್ಬ ಲಾರಿ ಡ್ರೈವರ್ ಹೇಳಿಕೊಟ್ಟಿದ್ದ. ಅವತ್ತಿನಿಂದ ನಾನು ಮಿಸ್ತ್ರಿಯ ಪಾಲಿಗೆ ಸುಳ್ಳ. ನಾನು ಹೇಳಿದ ಒಂದೊಂದು ಮಾತಿಗೂ ಅವರ ಎಡ ಹುಬ್ಬು ಒಂದಿಷ್ಟು ಮೇಲೇರುತ್ತಿತ್ತು.

ಆ ಮೊದಲ ಸೋರಿಕೆ ಎಲ್ಲಿ ಆಯಿತೆಂದು ಹೇಳಬೇಕು. ಸಾಹುಕಾರರಿಗೆ ಒಬ್ಬಳೇ ಮಗಳು. ತಾಯಿ ಇಲ್ಲ. ಆಕೆಯನ್ನು ತುಂಗಭದ್ರೆಯ ದಂಡೆಯ ಮೇಡ್ಲೇರಿಯಲ್ಲಿ ನೀರಾವರಿ ಹೊಲಗಳಿದ್ದ ಮನೆಗೆ ಕೊಟ್ಟಿದ್ದರು. ಪಂಚಮಿಗೆಂದು ತವರಿಗೆ ಬಂದವಳು ತಿರುಗಿ ಹೋಗಿರಲಿಲ್ಲ. ಅಳಿಯ ಹೇಳಿ ಕಳಿಸಿದ್ದ: ಹೆಂಡತಿ ಮೋಟಾರಿನಲ್ಲಿ ಬರಲಿ, ಮೋಟಾರು ಅಲ್ಲೇ ಉಳಿಯಲಿ. ಸಾಹುಕಾರರು ಕೆಟ್ಟವರಲ್ಲ. ಮೋಟಾರು ಕೊಟ್ಟರೆ ಅಳಿಯನ ಸಿಟ್ಟು ಇಳಿದು ಮಗಳು ಸುಖವಾಗಿರುತ್ತಾಳೆಂದು ಅವರು ಖರೇವಾಗಿ ತಿಳಿದಿದ್ದರು. ಮಗಳು ಒಂದೆರಡು ಸಲ ಏನೋ ಹೇಳಲು ಹೋಗಿದ್ದಳಂತೆ. "ಹೊಸ ಸಂಸಾರ, ಹೊಂದಿಕೊಂಡು ಹೋಗಬೇಕವ್ವಾ" ಎಂದು ಅವರು ಬಾಯಿ ಮುಚ್ಚಿಸಿದ್ದರಂತೆ. ಇದನ್ನು ನನಗೆ ಆಮೇಲೆ ಹೇಳಿದವಳು ಮನೆಯ ಅಡಿಗೆಯಾಕೆ.

ಹಾಗೆ ಮಗಳನ್ನು ಕರೆದುಕೊಂಡು ಹೊರಟ ದಿನ, ರಾಣೆಬೆನ್ನೂರು ದಾಟಿ ಮೇಡ್ಲೇರಿಯ ಹಾದಿ ಹಿಡಿದ ಸ್ವಲ್ಪ ಹೊತ್ತಿಗೆ ಮುಚ್ಚಳದಿಂದ ಹಬೆ ಎದ್ದಿತು. ನೀರೆಲ್ಲ ಸೋರಿ ಇಂಜಿನ್ನು ಕಾದು ನಿಂತಿತು. ಹಲಗೇರಿಯ ರೈತನೊಬ್ಬ ಎತ್ತು ಹೂಡಿ ಮೋಟಾರನ್ನು ರಾಣೆಬೆನ್ನೂರಿಗೆ ಎಳೆದುಕೊಟ್ಟ. ಸಾಹುಕಾರರು ಅವಮಾನದಿಂದ ಕೊಡೆ ಮರೆಮಾಡಿಕೊಂಡು ನಡೆದರು. ಮಗಳು ಮಾತ್ರ ಗಿಡದ ನೆರಳಿನಲ್ಲಿ ಕೂತು ಸೆರಗಿನ ಹಿಂದೆ ನಗುತ್ತಿದ್ದಳು. ಆಕೆ ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಎತ್ತು ಮೋಟಾರು ಎಳೆಯುವುದನ್ನು ನೋಡಿ ನಗು ಬಂದಿರಬೇಕೆಂದುಕೊಂಡೆ.

ಮಿಸ್ತ್ರಿ ಬೆಸುಗೆ ಹಾಕಿದರು. ಹದಿನೈದು ದಿನ ಬಿಟ್ಟು ಮತ್ತೆ ದಿನ ನಿಶ್ಚಯವಾಯಿತು. ಹೊರಡುವ ಮುಂಜಾನೆ ನೋಡಿದರೆ ಮೋಟಾರಿನ ಕೆಳಗೆ ನೆಲ ಒದ್ದೆ. ಮತ್ತೆ ಬಿಚ್ಚಿದೆ, ಮತ್ತೆ ಹೊತ್ತುಕೊಂಡು ಹೋದೆ. ಮೂರನೆಯ ಸಲವೂ ಹಾಗೇ ಆಯಿತು. ಆಗ ಮನೆಯಲ್ಲಿ ಒಬ್ಬರನ್ನೊಬ್ಬರು ನೋಡುವ ಕಣ್ಣೇ ಬದಲಾಯಿತು. ಸಾಹುಕಾರರಿಗೆ ನನ್ನ ಮೇಲೆ ಅನುಮಾನ. ಮೋಟಾರು ಮೇಡ್ಲೇರಿಗೆ ಹೋಗಿಬಿಟ್ಟರೆ ಡ್ರೈವರಿಗೆ ಇಲ್ಲೇನು ಕೆಲಸ? ಅದಕ್ಕೇ ನಾನೇ ಕೆಡಿಸುತ್ತಿದ್ದೇನೆಂದು ಅವರ ಎಣಿಕೆ. ಬಾಯಿ ಬಿಟ್ಟು ಅನ್ನಲಿಲ್ಲ. ಆದರೆ ಮೋಟಾರು ನಿಲ್ಲಿಸುವ ಕೊಟ್ಟಿಗೆಯ ಬೀಗದ ಕೈಯನ್ನು ನನ್ನಿಂದ ತೆಗೆದುಕೊಂಡು ದೇವರ ಕೋಣೆಯ ಗೂಟಕ್ಕೆ ತೂಗುಹಾಕಿದರು.

ನನಗೆ ಅನುಮಾನ ಮಿಸ್ತ್ರಿಯ ಮೇಲೆ. ಒಂದು ತೂತು ಮುಚ್ಚುವಾಗ ಪಕ್ಕದಲ್ಲಿ ಇನ್ನೊಂದನ್ನು ತೆಳ್ಳಗೆ ಮಾಡಿಬಿಡುತ್ತಿದ್ದಾರೆ, ಗಿರಾಕಿ ಮತ್ತೆ ಮತ್ತೆ ಬರಲೆಂದು. ಇಲ್ಲವಾದರೆ ಇಷ್ಟು ಹೊತ್ತು ನೀರಲ್ಲಿ ಮುಳುಗಿಸಿ ನೋಡಿದ ಕೆಲಸ ಎರಡು ವಾರಕ್ಕೆ ಹೇಗೆ ಕೆಡುತ್ತದೆ? ಮೂರನೆಯ ಸಲ ಅವರೆದುರಿಗೇ ಅಂದುಬಿಟ್ಟೆ: "ನಿಮ್ಮ ಬೆಸಗಿ ಬಾಳಿಕಿ ಬರೂದಿಲ್ಲ ಬಿಡ್ರಿ."

ಅವರು ಸಿಟ್ಟಾಗಲಿಲ್ಲ. ರೇಡಿಯೇಟರನ್ನು ಬಿಸಿಲಿಗೆ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಕಿವಿಯ ಮೇಲೆ ಸಿಕ್ಕಿಸಿಕೊಂಡಿದ್ದ ಕಡ್ಡಿ ತೆಗೆದು ತೂತಿನ ಸುತ್ತ ಸವರಿದರು. ಆಮೇಲೆ ನನ್ನನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಂಡರು.

"ಇಲ್ಲಿ ನೋಡು. ಇದು ಮದಲನೇ ತೂತು, ನಾ ಮುಚ್ಚಿದ್ದು. ಸುತ್ತ ಹಸರು ಕಿಲುಬು ಹಿಡದೈತಿ. ನೀರು ಒಳಗಿಂದ ತಿಂದು ತಿಂದು ಹೊರಗ ಬಂದೈತಿ. ಇವು ಎರಡು ಹೊಸಾವು. ಕಿಲುಬು ಐತೇನು?"

"ಇಲ್ರಿ."

"ಅಂಚು ಎತ್ತಾಗ ಮಡಿಚೇತಿ?"

ಬೆರಳಾಡಿಸಿದೆ. ತಾಮ್ರದ ಅಂಚು ಒಳಗೆ ಮಡಿಚಿತ್ತು. ಹೊರಗಿನಿಂದ ಒತ್ತಿದ ಹಾಗೆ, ದುಂಡಗೆ.

"ದಬ್ಬಣ" ಎಂದರು. "ಮೆಣಸಿನಕಾಯಿ ಚೀಲ ಹೊಲಿಯೂ ದಬ್ಬಣ. ಯಾರೋ ಎದರ ನಿಂತು ಚುಚ್ಚ್ಯಾರ." ಆಮೇಲೆ ನನ್ನ ಮುಖವನ್ನೇ ನೋಡುತ್ತ, "ನೀ ಯಾಕ ಚುಚ್ಚೀದಿ?" ಎಂದರು.

ನಾನು ದೇವರಾಣೆ ಮಾಡಿದೆ. ಅಮ್ಮನ ಹೆಸರು ಹಿಡಿದೆ. ಅವರು ಆಣೆಯನ್ನೂ ನಂಬಲಿಲ್ಲ. "ಬಾಯಿಲೆ ಏನರ ಅನ್ನಬಹುದು" ಎಂದು ಎದ್ದು ಹೋಗಿ ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸತೊಡಗಿದರು. ಬೆಸುಗೆ ಮುಗಿದ ಮೇಲೆ ರೇಡಿಯೇಟರಿನ ಎದುರು ಮೈಗೆಲ್ಲ ಆ ಮಸಿ ಬಳಿದರು. ತಾವೇ ಬಂದು ಮೋಟಾರಿಗೆ ಕೂಡಿಸಿ, "ಕರೀ ಬಣ್ಣ ಇದ್ರ ಲಗೂ ತಣ್ಣಗಾಗತೈತ್ರಿ. ಒಣಗಾಕ ನಾಕು ದಿನ ಬೇಕು, ಮುಟ್ಟಬ್ಯಾಡ್ರಿ" ಎಂದು ಸಾಹುಕಾರರಿಗೆ ಹೇಳಿದರು. ಹರಳೆಣ್ಣೆಯ ಮಸಿ ನಾಲ್ಕು ದಿನಕ್ಕಲ್ಲ, ನಾಲ್ಕು ತಿಂಗಳಿಗೂ ಒಣಗುವುದಿಲ್ಲವೆಂದು ನನಗೂ ಗೊತ್ತಿರಲಿಲ್ಲ.

ಸೋಮವಾರ ಹೊರಡುವುದೆಂದಿತ್ತು. ಸೋಮವಾರ ಬೆಳಿಗ್ಗೆ ಕೊಟ್ಟಿಗೆಯ ನೆಲ ಮತ್ತೆ ಒದ್ದೆ. ಸಾಹುಕಾರರು ಮಿಸ್ತ್ರಿಯನ್ನು ಮನೆಗೇ ಕರೆಸಿದರು. ಅವರು ಬಂದವರೇ ಮೊದಲು ನನ್ನ ಎರಡೂ ಕೈ ಹಿಡಿದು ತಿರುವಿ ಮುರುವಿ ನೋಡಿದರು. ಉಗುರನ್ನೂ ಬಿಡಲಿಲ್ಲ. ನನ್ನ ಕೈ ಬೆಳ್ಳಗಿತ್ತು. ಅವರು "ಹೂಂ" ಎಂದರು, ಅಷ್ಟೇ. ಆಮೇಲೆ ಹಗ್ಗ ಹಿಡಿಯಿರಿ, ಕಲ್ಲು ಎತ್ತಿರಿ ಎಂದು ಏನೇನೋ ನೆಪ ತೆಗೆದು ಆಳುಗಳ ಕೈಗಳನ್ನೆಲ್ಲ ನೋಡಿದರು. ಎಲ್ಲೂ ಮಸಿ ಇರಲಿಲ್ಲ.

ಪಡಸಾಲೆಯಲ್ಲಿ ಕೂತಾಗ ಮಗಳು ನೀರು, ಬೆಲ್ಲ ತಂದು ಮುಂದಿಟ್ಟಳು. ಮಿಸ್ತ್ರಿ ತಂಬಿಗೆಗೆ ಕೈ ಚಾಚಿದವರು ಹಾಗೇ ತಡೆದರು. ಒಂದು ಕ್ಷಣ ಅಷ್ಟೇ. ಅವರು ನೋಡಿದ್ದು ನೀರನ್ನಲ್ಲ, ಆಕೆಯ ಕೈಯನ್ನು. ಆಕೆಯೂ ಅವರು ನೋಡಿದ್ದನ್ನು ನೋಡಿದಳು. ನನಗೆ ಅಷ್ಟು ದೂರದಿಂದ ಏನೂ ಕಾಣಲಿಲ್ಲ. ಆಕೆ ಹುಣಸೆಹಣ್ಣು ಹಾಕಿ ಕೈ ಕೆಂಪಾಗುವ ಹಾಗೆ ತಿಕ್ಕಿದ್ದಳಂತೆ. ಆದರೆ ಬಳೆಗಳ ನಡುವಿನ ಸಂದಿಯಲ್ಲಿ, ಉಗುರಿನ ಬುಡದಲ್ಲಿ ಮಸಿಯ ಗೆರೆ ಉಳಿದಿತ್ತಂತೆ.

ಯಾರು ಕೊಟ್ಟ ನೀರನ್ನೂ ಬೆಳಕಿಗೆ ಹಿಡಿದು ನೋಡದೆ ಕುಡಿಯದ ಮನುಷ್ಯ ಅವತ್ತು ತಂಬಿಗೆಯನ್ನು ಒಂದೇ ಗುಟುಕಿಗೆ ಬರಿದು ಮಾಡಿದರು. "ರೇಡಿಯೇಟ್ರು ನಾ ಒಯ್ತೀನಿ. ನೋಡಿ ಹೇಳ್ತೀನಿ" ಎಂದು ಎದ್ದರು.

ಮರುದಿನ ಹೋದರೆ ಅಂಗಡಿಗೆ ಬೀಗ. ಅದರ ಮರುದಿನವೂ ಬೀಗ. ಮೂರನೆಯ ದಿನ ಪೇಟೆಯಲ್ಲಿ ಗುಸುಗುಸು ಎದ್ದಿತು. ಯುದ್ಧದ ಕಾಲದಲ್ಲಿ ತಾಮ್ರ ಹಿತ್ತಾಳೆಗೆ ಬಂಗಾರದ ಬೆಲೆ ಬಂದಿತ್ತು. ಸಾಹುಕಾರರ ರೇಡಿಯೇಟರನ್ನು ಮಿಸ್ತ್ರಿ ಹುಬ್ಬಳ್ಳಿಗೆ ಒಯ್ದು ಮಾರಿಕೊಂಡನೆಂದು ಒಬ್ಬರೆಂದರೆ, ಕರಗಿಸಿ ಹಂಡೆ ಮಾಡಿದನೆಂದು ಇನ್ನೊಬ್ಬರು. ನಾನಂತೂ ಪೂರಾ ನಂಬಿದೆ. ಕಿಟಕಿಯ ಸಂದಿಯಿಂದ ಇಣುಕಿ ನೋಡಿದೆ. ಒಳಗೆ ಕತ್ತಲು, ಏನೂ ಕಾಣಲಿಲ್ಲ.

ನಾಲ್ಕನೆಯ ದಿನ ಬಂದರು. ಹೆಗಲಿಗೆ ಕಲಾಯಿಯ ಸಾಮಾನಿನ ಗಂಟು, ಕಾಲೆಲ್ಲ ಧೂಳು. ನೆಟ್ಟಗೆ ಸಾಹುಕಾರರ ಮನೆಗೇ ಬಂದು, ನಿಂತುಕೊಂಡೇ ಹೇಳಿದರು: "ಅದು ಬಗೀಹರಿಯೂದಲ್ರಿ. ತಾಮ್ರ ಕೊಳೆತೈತಿ. ಒಂದು ಮುಚ್ಚಿದ್ರ ಹತ್ತು ಏಳತಾವು. ಬದಲೀನ ಮಾಡಬೇಕು."

"ಬದಲಿ ಎಲ್ಲಿ ಸಿಗತೈತಿ?"

"ಮುಂಬೈಯಾಗ ಸಿಗಬೇಕ್ರಿ. ಈಗಂತೂ ಹಡಗು ಬರೂದಿಲ್ಲ. ಯುದ್ಧ ಮುಗೀಬೇಕು."

ಸಾಹುಕಾರರು ನನ್ನ ಕಡೆ ನೋಡಿದರು. ನನಗೋ ಕುದಿಯುತ್ತಿತ್ತು. ಸಂಜೆ ಮಿಸ್ತ್ರಿಯ ಅಂಗಡಿಗೆ ಹೋದೆ. ಅವರು ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದರು. ರೇಡಿಯೇಟರ್ ಮೂಲೆಯಲ್ಲಿ ಗೋಣಿತಟ್ಟಿನ ಕೆಳಗೆ ಇತ್ತು. ಕೇಳದೆಯೇ ಹೊರಗೆ ತಂದೆ. ಬೂಚು ಬಡಿದು, ದೋಣಿಯಲ್ಲಿ ಮುಳುಗಿಸಿ, ಪಂಪು ಒತ್ತಿದೆ. ನೀರು ಸುಮ್ಮನಿತ್ತು. ಒಂದೇ ಒಂದು ಗುಳ್ಳೆ ಏಳಲಿಲ್ಲ. ಹೊಸ ತೂತನ್ನೂ ಅವರು ಯಾವಾಗಲೋ ಮುಚ್ಚಿಬಿಟ್ಟಿದ್ದರು.

"ಎಲ್ಲಿ ಕೊಳೆತೈತ್ರಿ ತಾಮ್ರ?" ಎಂದು ಕೂಗಿದೆ. "ಇದು ಗುಂಡಿನಂಗ ಐತಿ! ಯಾರಿಗೆ ಮಾರಾವ್ರು ಇದನ್ನ?"

ಅವರು ಬಂದು ಎದುರಿಗೆ ಕುಕ್ಕರಿಸಿದರು. ನನ್ನ ಕೈಯಿಂದ ಪಂಪು ತೆಗೆದುಕೊಂಡು ತಾವೊಂದು ಸಲ ಒತ್ತಿ ನೋಡಿದರು. ನಾನು ಮಾಡಿದ ಪರೀಕ್ಷೆಯನ್ನೂ ಅವರು ನಂಬಲಿಲ್ಲ. ಆಮೇಲೆ ಹೇಳಿದರು.

ದಬ್ಬಣ ಚುಚ್ಚಿದವಳು ಸಾಹುಕಾರರ ಮಗಳು. ಮೊದಲ ಸಲ ಮೋಟಾರು ತಾನಾಗಿ ಕೆಟ್ಟು ಹಾದಿಯಿಂದ ತಿರುಗಿ ಬಂದದ್ದು ಆಕೆಗೆ ದಾರಿ ತೋರಿಸಿತ್ತು. ಕೊಟ್ಟಿಗೆಯ ಕೀಲಿಯನ್ನು ನನ್ನಿಂದ ಕಸಿದುಕೊಂಡು ದೇವರ ಕೋಣೆಗೆ ಹಾಕಿದ್ದು ಇನ್ನೂ ಅನುಕೂಲವೇ ಆಗಿತ್ತು.

"ಕೈ ನೋಡಿದ ಕೂಡಲೇ ತಿಳೀತು, ಅಕೀನ ಅಂತ. ಯಾಕ ಅಂತ ತಿಳೀಲಿಲ್ಲ. ಹುಡುಗೀರು ಹಟಾ ಮಾಡತಾವು. ಅಕೀ ಮಾತು ಕೇಳಿ ನಂಬಾಕ ಬರತೈತೇನು? ಅದಕ್ಕ ಮೇಡ್ಲೇರಿಗೆ ಹೋದೆ."

ಮೂರು ದಿನ ಅವರು ಇದ್ದದ್ದು ಮೇಡ್ಲೇರಿಯಲ್ಲಿ. ಆಕೆಯ ಗಂಡನ ಮನೆಯ ಎದುರಿನ ಕಟ್ಟೆಯ ಮೇಲೆ ತಿದಿ ಹೂಡಿ, ಕಲಾಯಿ ಹಾಕುವವರೆಂದು ಕೂತರು. ಊರ ಹೆಂಗಸರು ಪಾತ್ರೆ ತಂದರು. ಆ ಮನೆಯಿಂದಲೂ ಬಂದವು. ಹಂಡೆ, ಪರಾತ, ಬೋಗುಣಿ, ಅವುಗಳ ನಡುವೆ ಒಂದು ತಾಮ್ರದ ದೊಡ್ಡ ತಂಬಿಗೆ. ಅದರ ಹೊಟ್ಟೆಯಲ್ಲಿ ಎರಡು ತಗ್ಗು.

"ಕಲ್ಲಿಗೆ ಬಿದ್ದ ತಗ್ಗಿಗೆ ಮೂಲಿ ಇರತೈತಿ ತಮ್ಮಾ, ಒಳಗ ಗೆರಿ ಎದ್ದಿರತೈತಿ. ಇದು ಹಂಗಿರಲಿಲ್ಲ. ಬಟ್ಟಲದಂಗ ದುಂಡಗ ಒಳಗ ಹೋಗಿತ್ತು. ಮೈಗೆ, ಎಲುಬಿಗೆ ಬಡದ್ರ ಹಂಗ ಆಗತೈತಿ. ಇದು ಹೆಂಗ ನೆಗ್ಗೇತಿ ಅಂತ ಭಾಂಡಿ ತಂದ ಆಳಿನಾಕೀನ ಕೇಳಿದೆ. ಅಕಿ ಅತ್ಲಾಗ ಇತ್ಲಾಗ ನೋಡಿ, ಭುಜ ಮುಟ್ಟಿ ತೋರಿಸಿದ್ಲು. 'ಹ್ವಾದ ಸಲ ಸೊಸಿಗೆ' ಅಂದ್ಲು. ಅಷ್ಟ ಅಂದ್ಲು."

ಅಷ್ಟಕ್ಕೂ ಅವರು ಎದ್ದು ಬರಲಿಲ್ಲ. ಆಳಿನವಳಿಗೂ ಏನಾದರೂ ಸಿಟ್ಟಿದ್ದರೆ? ಇನ್ನೊಂದು ದಿನ ಕೂತರು. ಬಾವಿಗೆ ಬಂದವರಲ್ಲಿ ಇನ್ನಿಬ್ಬರು ಅದನ್ನೇ ಬೇರೆ ಬೇರೆಯಾಗಿ ಹೇಳಿದರು. ಮೂರನೆಯ ದಿನ, ಆ ಏಟು ಕೊಟ್ಟ ಅಳಿಯನೇ ಕಟ್ಟೆಗೆ ಬಂದು, ತಂಬಿಗೆಯ ತಗ್ಗು ತೆಗೆದದ್ದನ್ನು ನೋಡಿ, "ಭಾಳ ಚಲೋ ಆತು" ಎಂದು ನಕ್ಕನಂತೆ.

"ಆ ತಗ್ಗು ನಾನ ತೆಗದುಕೊಟ್ಟೆ ನೋಡು" ಎಂದರು ಮಿಸ್ತ್ರಿ.

"ಹಂಗಾದ್ರ ಸಾಹುಕಾರ್ರಿಗೆ ಖರೇ ಹೇಳಿಬಿಡೂಣ್ರಿ" ಎಂದೆ.

"ಮಗಳ ಮಾತು ನಂಬಲಿಲ್ಲ ಅವ್ರು. ಕಲಾಯಿ ಮಾಡಾಂವನ ಮಾತು ನಂಬತಾರೇನು? ಹೇಳಿದ್ರ, ದಬ್ಬಣ ಚುಚ್ಚಿದಾಕಿ ಇಕಿ ಅಂತ ಮಾತ್ರ ನಂಬತಾರ. ನಾಳೇನ ಗಾಡಿ ಹೂಡಿ ಕಳಸತಾರ. ಈಗ ಬ್ಯಾಡ. ಅಳಿಯಗ ಬೇಕಾದ್ದು ಹೆಂಡ್ತಿ ಅಲ್ಲ, ಮೋಟಾರು; ಅದು ಅವನ ಬಾಯೀಲೇನ ಬರಲಿ."

ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಸುಳ್ಳು ಹೇಳುತ್ತಿರುವವರು ಮಿಸ್ತ್ರಿಯೇ ಇರಬಹುದೆಂಬ ಸಂಶಯ ಇನ್ನೂ ಪೂರಾ ಹೋಗಿರಲಿಲ್ಲ. ಮೋಟಾರು ನಿಂತರೆ ನನ್ನ ಕೆಲಸವೂ ನಿಂತಂತೆ. ಖರೇ ಹೇಳಿಬಿಟ್ಟರೆ ನನ್ನ ಮೇಲಿನ ಕಳಂಕ ಒಂದೇ ಮಾತಿಗೆ ಹೋಗುತ್ತದೆ. ಬೆಳಿಗ್ಗೆ ಹಿತ್ತಲ ಬಾವಿಯ ಹತ್ತಿರ ಆಕೆ ಒಬ್ಬಳೇ ಇದ್ದಾಗ, "ಅಕ್ಕಾರ, ರೇಡಿಯೇಟ್ರು ಬದಲಿ ಮಾಡಬೇಕಂತ ಮಿಸ್ತ್ರಿ ಹೇಳ್ಯಾರ. ಯುದ್ಧ ಮುಗಿಯೂ ತನಕ ಮೋಟಾರು ಏಳಾಂಗಿಲ್ಲ" ಎಂದೆ. ಅಷ್ಟೇ ಅಂದೆ. ಆಕೆ ಎತ್ತುತ್ತಿದ್ದ ಕೊಡವನ್ನು ಕಟ್ಟೆಯ ಮೇಲಿಟ್ಟು, ಹಾಗೇ ಅದರ ಪಕ್ಕದಲ್ಲಿ ಕೂತುಬಿಟ್ಟಳು. ಆಮೇಲೆ ನನ್ನಲ್ಲಿ ಯಾವ ಸಂಶಯವೂ ಉಳಿಯಲಿಲ್ಲ.

ಮಧ್ಯಾಹ್ನ ಸಾಹುಕಾರರು ನನ್ನನ್ನು ಕರೆದು, "ಮಿಸ್ತ್ರಿ ಹೇಳೂದು ಖರೇ ಏನು?" ಎಂದರು. "ಖರೇರಿ" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. "ಹುಬ್ಬಳ್ಳಿಯಿಂದ ಒಬ್ಬಾಂವ್ನ ಕರಸೇನಿ. ನಾಳೆ ಬಂದು ನೋಡತಾನ" ಎಂದರು.

ನಾನು ಓಡಿದೆ. ಮಿಸ್ತ್ರಿ ಸುದ್ದಿ ಕೇಳಿ, ತಲೆ ಅಲ್ಲಾಡಿಸಿ, ಒಲೆಗೆ ಇದ್ದಲು ಹಾಕಿದರು. ರೇಡಿಯೇಟರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಕೆಂಪಗೆ ಕಾದ ಬೆಸುಗೆಯ ಕಬ್ಬಿಣವನ್ನು ತಾವೇ ಹಾಕಿದ್ದ ಒಂದೊಂದು ಬೆಸುಗೆಗೂ ಒತ್ತಿ ಕರಗಿಸಿದರು. ಕಬ್ಬಿಣ ಇಡುವ ಮೊದಲು ಪ್ರತಿ ಸಲವೂ ಆ ಬೆಸುಗೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಆಮೇಲೆ ಕರಗಿದ ತವರವನ್ನು ಅಡ್ಡಾದಿಡ್ಡಿಯಾಗಿ, ಕಲಿಯದವನು ಮೆತ್ತಿದ ಹಾಗೆ ಮೆತ್ತಿದರು. ಕೊಳವೆಗಳ ಸಾಲಿನಲ್ಲಿ ಅಲ್ಲಲ್ಲಿ ಕಾವು ಕೊಟ್ಟು ತಾಮ್ರವನ್ನು ಸುಟ್ಟರು. ಎಲ್ಲ ಮುಗಿದ ಮೇಲೆ ದೋಣಿಯಲ್ಲಿ ಮುಳುಗಿಸಿ ಪಂಪು ಒತ್ತಿದರು. ನೀರು ಅನ್ನ ಕುದಿದಂತೆ ಬುಳುಬುಳು ಎದ್ದಿತು.

"ಕೆಡಸೂದಾದ್ರ ಸರಿಯಾಗಿ ಕೆಡಸಬೇಕು" ಎಂದು ಇನ್ನೊಂದು ಸಲ ಮುಳುಗಿಸಿ ನೋಡಿದರು.

ಹುಬ್ಬಳ್ಳಿಯವನು ಜರ್ಬಿನ ಮನುಷ್ಯ. ಖಾಕಿ ಚಡ್ಡಿ, ತಲೆಗೆ ಟೋಪಿ. ಸ್ಟೇಶನ್ನಿನ ಎದುರಿಗೇ, ಹಮಾಲರು ಅಡತಿಯವರು ಎಲ್ಲ ಸೇರಿದ್ದಾಗ, ರೇಡಿಯೇಟರನ್ನು ಕಾಲಿನಿಂದ ತಿರುವಿ ನೋಡಿದ.

"ಯಾವ ಕುರುಡ ಬೆಸಗಿ ಹಾಕ್ಯಾನ ಇದಕ್ಕ? ಸುಟ್ಟು ಬೂದಿ ಮಾಡ್ಯಾನ! ಇನ್ನ ಇದು ರಿಪೇರಿ ಆಗೂದಿಲ್ರಿ ಸಾಹುಕಾರ್ರ, ಬದಲೀನ ಮಾಡಬೇಕು."

ಜನ ನಕ್ಕರು. ಸಾಹುಕಾರರು ಮಿಸ್ತ್ರಿಯ ಕಡೆ ತಿರುಗಿ, "ಇಷ್ಟ ದಿನ ನಿಮ್ಮ ಕೈಯಾಗ ಕೊಟ್ಟು ಕೆಟ್ಟೆ" ಎಂದರು. ಮಿಸ್ತ್ರಿ ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಮೂವತ್ತು ವರ್ಷದ ಕೈಕೆಲಸದ ಮಾನ ಅಲ್ಲೇ ಹೋಯಿತು. ನಾನು ಮಾತಾಡಲು ಬಾಯಿ ತೆರೆದೆ. ಅವರು ನನ್ನ ಕಡೆ ನೋಡಿದ ನೋಟಕ್ಕೆ ಮುಚ್ಚಿದೆ.

ಆಮೇಲೆ ಬ್ಯಾಡಗಿಯ ಯಾವ ಮೋಟಾರೂ ಅವರ ಅಂಗಡಿಗೆ ಬರಲಿಲ್ಲ. ಕಂದೀಲಿಗೆ ಬೆಸುಗೆ, ಕೊಡಕ್ಕೆ ಕಲಾಯಿ, ಮತ್ತೆ ಮೊದಲಿನ ಕೆಲಸಕ್ಕೇ ಇಳಿದರು. ನನ್ನನ್ನು ಸಾಹುಕಾರರು ಬಿಡಿಸಿದರು. ನಾನು ಹಾವೇರಿಗೆ ಹೋಗಿ ಇದ್ದಲಿನ ಗ್ಯಾಸಿನ ಮೇಲೆ ಓಡುವ ಬಸ್ಸಿಗೆ ಸೇರಿಕೊಂಡೆ. ಬ್ಯಾಡಗಿಗೆ ಬಂದಾಗಲೆಲ್ಲ ಅವರಲ್ಲಿಗೆ ಹೋಗಿ ಕೂಡುವೆ. ಆಗಲೂ ನಾನು ಹೇಳುವ ಸುದ್ದಿಗೆ ಎಡ ಹುಬ್ಬು ಏರುತ್ತಿತ್ತು.

ಮಳೆಗಾಲ ಕಳೆದು ಸುಗ್ಗಿ ಬಂತು. ಮೇಡ್ಲೇರಿಯಿಂದ ಒಬ್ಬ ಹಿರಿಯರು ಸಾಹುಕಾರರಲ್ಲಿಗೆ ಬಂದರು. ಅಳಿಯನ ಮಾತನ್ನು ಹೇಳಲು ಅವರೇ ನಾಚಿಕೊಂಡರಂತೆ. "ಮೋಟಾರು ಇಲ್ಲದ ಹೆಂಡ್ತಿ ತಗೊಂಡು ಏನ ಮಾಡ್ಲಿ? ಅಲ್ಲೇ ಇಟ್ಕೊಳ್ರಿ" ಎಂದಿದ್ದನಂತೆ. ಆ ಬೇಸಿಗೆಯಲ್ಲಿ ಅವನು ಇನ್ನೊಂದು ಮದುವೆ ಮಾಡಿಕೊಂಡ. ಹಿರಿಯರು ಹೋದ ಮೇಲೆ ಸಾಹುಕಾರರು ಮಗಳನ್ನು ಕರೆದು ಎದುರಿಗೆ ಕೂಡಿಸಿಕೊಂಡು, "ಅವತ್ತು ಏನೋ ಹೇಳಾಕ ಬಂದಿದ್ದೆಲ್ಲವ್ವಾ, ಈಗ ಹೇಳು" ಎಂದರು. ಆಕೆ ಹೇಳಿದಳು. ಅವರು ಅಂದು ಊಟ ಮಾಡಲಿಲ್ಲವೆಂದು ಅಡಿಗೆಯಾಕೆ ನನಗೆ ಹೇಳಿದಳು. ನಾನು ಅದನ್ನು ಮಿಸ್ತ್ರಿಗೆ ಹೇಳಿದೆ. "ಒಂದು ಹೊತ್ತು ಬಿಟ್ಟಿರಬೇಕು. ನೋಡೂಣು" ಎಂದರು.

ಯುದ್ಧ ಮುಗಿಯಿತು. ಒಂದು ದಿನ ಸಾಹುಕಾರರು ನನ್ನನ್ನು ಹಾವೇರಿಯಿಂದ ಕರೆಸಿದರು. ಮುಂಬೈಯಿಂದ ಹೊಸ ರೇಡಿಯೇಟರ್ ಬಂದಿತ್ತು. ಅದನ್ನು ನನ್ನ ಕೈಗೆ ಕೊಟ್ಟು, "ಮಿಸ್ತ್ರಿ ಕಡೆ ಒಯ್ಯಿ. ಅವರ ಕೈಲೇನ ಕೂಡಸು" ಎಂದರು. ಹುಬ್ಬಳ್ಳಿಯವನ ಹೆಸರು ಎತ್ತಲಿಲ್ಲ.

ಮಿಸ್ತ್ರಿ ಪೆಟ್ಟಿಗೆಯನ್ನು ಮುಟ್ಟಲೂ ಇಲ್ಲ. "ಮೋಟಾರು ಎಲ್ಲಿಗೆ ಹೊಂಟೈತಿ?" ಎಂದರು.

"ಧಾರವಾಡಕ್ರಿ. ಅಕ್ಕಾರು ಏಳನೇ ಇಯತ್ತೆ ಮುಲ್ಕಿ ಪರೀಕ್ಷೆ ಪಾಸಾಗ್ಯಾರ. ಮಾಸ್ತರಿಕಿ ಕಲಿಯಾಕ ಟ್ರೇನಿಂಗಿಗೆ ಸೇರಸಾಕ ಹೊಂಟಾರ."

"ಯಾರು ಹೇಳಿದ್ರು?"

"ಸಾಹುಕಾರ್ರ ಹೇಳಿದ್ರು."

ಎಡ ಹುಬ್ಬು ಏರಿತು. ಆದರೂ ಬಂದು, ಮೂರು ಸಲ ನೀರಲ್ಲಿ ಮುಳುಗಿಸಿ ನೋಡಿ, ಕೂಡಿಸಿದರು. ಹೊರಡುವ ಬೆಳಿಗ್ಗೆ ಕರೆಯದೆಯೇ ಒಗೆದ ಅಂಗಿ ತೊಟ್ಟು ಬಂದು ನಿಂತಿದ್ದರು. "ಹೊಸಾದು ಅಂದ್ರೇನು, ನಂಬಾಕ ಬರೂದಿಲ್ಲ. ಹಾವೇರಿ ತನಕ ಕುಂತು ನೋಡ್ತೀನಿ" ಎಂದು ನನ್ನ ಪಕ್ಕದಲ್ಲಿ ಹತ್ತಿ ಕೂತರು. ಹಿಂದಿನ ಸೀಟಿನಲ್ಲಿ ತಂದೆ, ಮಗಳು, ಒಂದು ಟ್ರಂಕು.

ಬ್ಯಾಡಗಿಯಿಂದ ಹೋದ ಹಾದಿ ಮೋಟೆಬೆನ್ನೂರಿನಲ್ಲಿ ದೊಡ್ಡ ರಸ್ತೆಗೆ ಕೂಡುತ್ತದೆ. ಎಡಕ್ಕೆ ಹೊರಳಿದರೆ ಹಾವೇರಿ, ಧಾರವಾಡ. ಬಲಕ್ಕೆ ರಾಣೆಬೆನ್ನೂರು, ಅಲ್ಲಿಂದ ಮೇಡ್ಲೇರಿ. ಮಿಸ್ತ್ರಿ ಅಷ್ಟು ದೂರವೂ ರೇಡಿಯೇಟರಿನ ಮುಚ್ಚಳವನ್ನು ಒಮ್ಮೆಯೂ ನೋಡಲಿಲ್ಲ. ನನ್ನ ಕೈಗಳನ್ನೇ ನೋಡುತ್ತಿದ್ದರು. ಕೂಡುರಸ್ತೆಯಲ್ಲಿ ನಾನು ಚಕ್ರವನ್ನು ಎಡಕ್ಕೆ ತಿರುವಿದಾಗ ಅವರು ಹಿಡಿದುಕೊಂಡಿದ್ದ ಉಸಿರನ್ನು ಬಿಟ್ಟದ್ದು ನನಗೆ ಇಂಜಿನ್ನಿನ ಸದ್ದಿನಲ್ಲೂ ಕೇಳಿಸಿತು.

ಹಾವೇರಿಯಲ್ಲಿ ಇಳಿದರು. ಸಾಹುಕಾರರೂ ಇಳಿದು ಅವರ ಹತ್ತಿರ ಬಂದು ನಿಂತರು.

"ಮಿಸ್ತ್ರ್ಯಾರ, ಆ ಹಳೇದು ಖರೇನ ಕೊಳೆತಿತ್ತೇನು?"

"ಹುಬ್ಬಳ್ಳಿಯವ್ರ ನೋಡಿ ಹೇಳ್ಯಾರಲ್ರಿ."

ಸಾಹುಕಾರರು ಪೇಟೆಯ ನಡುವೆ, ನಾಲ್ಕು ಜನ ನೋಡುತ್ತಿದ್ದಂತೆ, ಎರಡೂ ಕೈ ಜೋಡಿಸಿದರು. ಮಿಸ್ತ್ರಿ ಎಡವಟ್ಟಾಗಿ ಅತ್ತಿತ್ತ ನೋಡಿ, ಮೋಟಾರಿನ ಒಳಗೆ ಇಣುಕಿ, "ಚಲೋ ಓದವಾ" ಎಂದರು. ಆಕೆ, "ನೀವೂ ಧಾರವಾಡ ತನಕ ಬರ್ರಿ ಕಾಕಾ" ಎಂದಳು. "ಇನ್ನೇನು ಸೋರೂದಿಲ್ಲವಾ" ಎಂದು ಬಾಗಿಲು ಹಾಕಿದರು.

ನಾನು ಮೋಟಾರು ಬಿಟ್ಟೆ. ಊರು ದಾಟುವ ತಿರುವಿನಲ್ಲಿ ಹಿಂದೆ ತಿರುಗಿ ನೋಡಿದೆ. ಅವರು ರಸ್ತೆಯ ಪಕ್ಕಕ್ಕೆ ಸರಿದಿರಲಿಲ್ಲ. ನಟ್ಟನಡುವೆ ನಿಂತಿದ್ದರು, ಎರಡು ಕಾಲು ಅಗಲಿಸಿ. ಹಿಂದಿನಿಂದ ಬಂದ ಚಕ್ಕಡಿಯವನು ಬೈಯುತ್ತಿದ್ದ. ಮೋಟಾರು ಎಲ್ಲಿ ಹಿಂದಕ್ಕೆ ಹೊರಳಿಬಿಡುತ್ತದೋ ಎಂದು, ಕಣ್ಣಿಗೆ ಅಂಗೈ ಮರೆಮಾಡಿಕೊಂಡು, ನಾವು ಕಾಣದಾಗುವ ತನಕ ನೋಡುತ್ತಿದ್ದರು.